‘ನಿಮಗೇನೂ ಕೆಲಸ ಇರೋದಿಲ್ಲ ಸಾರ್’

ನಡಾವಳಿ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಸ್ಕೂಟರಿನ ಡಿಕ್ಕಿಯಲ್ಲಿಟ್ಟುಕೊಂಡು, ಮನೆಯಿಂದ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುವ ಕೆಲಸವನ್ನು ನಾನು 6 ವರ್ಷ ಮಾಡಿದ್ದೇನೆ. ನಮ್ಮದು ಮಲೆನಾಡಿನ ತಾಲ್ಲೂಕು ಕೇಂದ್ರದ ಒಂದು ಸಣ್ಣ ಸಂಘ. ಬಸ್ಸು ಸರಿಯಾಗಿ ಓಡಾಡದ ಊರುಗಳಿಂದ ಹೈಸ್ಕೂಲಿಗೆ, ಪಿಯುಸಿಗೆ ಬರುವ ಮಕ್ಕಳಿಗಾಗಿ ಒಂದು ವಿದ್ಯಾರ್ಥಿ ನಿಲಯ ನಡೆಸುತ್ತೇವೆ. 40 ಮಕ್ಕಳು, ಒಬ್ಬ ವಾರ್ಡನ್, ಇಬ್ಬರು ಅಡುಗೆಯವರು. ಅದರ ಮೇಲೆ 13 ಜನರ ಕಾರ್ಯಕಾರಿ ಸಮಿತಿ. ನಾನು ಆಗ ಗೌರವ ಕಾರ್ಯದರ್ಶಿ.

ಪುಸ್ತಕದಲ್ಲಿ ಬರೆದಿರುತ್ತಿದ್ದದ್ದು ಹೀಗೆ: ‘ಸಭೆಯು ವಿಷಯವನ್ನು ದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಿತು.’ ಸಭೆಗೆ ಬಂದಿರುತ್ತಿದ್ದವರು ಅಧ್ಯಕ್ಷರು, ಖಜಾಂಚಿ, ನಾನು. ಕೋರಂಗೆ 7 ಜನ ಬೇಕು. ಉಳಿದ ಸಹಿಗಳಿಗಾಗಿ ಮಳೆಯಲ್ಲಿ ಸ್ಕೂಟರು ಓಡಬೇಕು. ಒಬ್ಬರು ಕ್ಲಿನಿಕ್ಕಿನಲ್ಲಿ ರೋಗಿಯ ನಾಡಿ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಸಹಿ ಹಾಕುತ್ತಿದ್ದರು. ಒಬ್ಬರು ಮಂಡಿಯ ಗಲ್ಲಾಪೆಟ್ಟಿಗೆಯ ಮೇಲೆ. ಎಲ್ಲರೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ‘ಎಲ್ಲಿ ಹಾಕ್ಬೇಕು ಮೇಷ್ಟ್ರೇ?’ ಏನು ಬರೆದಿದೆ ಎಂದು ಯಾರೂ ಕೇಳಲಿಲ್ಲ.

ನಡೆಯದ ಸಭೆಯನ್ನು ನಡೆದಂತೆ ಬರೆಯುವುದು ತಪ್ಪು. ಅದು ತಪ್ಪೆಂದು ಗೊತ್ತಿದ್ದೂ ಮಾಡುತ್ತಿದ್ದೆ. ರಾಜ್ಯದ ಎಷ್ಟೋ ಸಂಘ, ಟ್ರಸ್ಟು, ವಾಚನಾಲಯ, ವಿದ್ಯಾಸಂಸ್ಥೆಗಳ ಕಾರ್ಯದರ್ಶಿಗಳು ಇವತ್ತಿಗೂ ಮಾಡುತ್ತಿದ್ದಾರೆ. ಅವರ ಬಾಯಲ್ಲಿ ನಾನು ಕೇಳುವ ದೂರು ನನ್ನದೇ ಹಳೆಯ ದೂರು: ‘ಯಾರಿಗೂ ಆಸಕ್ತಿ ಇಲ್ಲ. ಸಮಿತಿ ಅಂತ ಹೆಸರಿಗೆ. ಮಾಡೋನು ನಾನೊಬ್ಬನೇ.’

ಒಂದು ಸಂಜೆ ಅಡಿಕೆ ವ್ಯಾಪಾರಿಯೊಬ್ಬರ ಮನೆಯಲ್ಲಿ ಸಹಿಗಾಗಿ ಕೂತಿದ್ದೆ. ಯಜಮಾನರು ಸ್ನಾನಕ್ಕೆ ಹೋಗಿದ್ದರು. ಕಾಫಿ ತಂದುಕೊಟ್ಟ ಅವರ ಹೆಂಡತಿ ಬಾಗಿಲ ಬಳಿ ನಿಂತು ಕೇಳಿದರು: ‘ಹೆಣ್ಣುಮಕ್ಕಳ ರೂಮಿನ ಕಿಟಕಿಗೆ ಸೊಳ್ಳೆ ಜಾಲರಿ ಹಾಕಿದ್ರಾ ಮೇಷ್ಟ್ರೇ? ಹೋದ ವರ್ಷ ಪೂಜೆಗೆ ಬಂದಾಗ ಹರಿದಿತ್ತು.’ ಹಾಕಿರಲಿಲ್ಲ. ಜಾಲರಿ ಹರಿದಿದೆಯೆಂದು ನನಗೆ ಗೊತ್ತೂ ಇರಲಿಲ್ಲ. 13 ಜನ ಸದಸ್ಯರಲ್ಲಿ ಒಬ್ಬರೂ ಕೇಳದ ಪ್ರಶ್ನೆಯನ್ನು, ಸಮಿತಿಯಲ್ಲಿ ಹೆಸರೇ ಇಲ್ಲದ ಒಬ್ಬರು ಕೇಳಿದರು. ಅವತ್ತು ಸ್ಕೂಟರಿನಲ್ಲಿ ಮನೆಗೆ ಬರುತ್ತಾ ಮೊದಲ ಸಲ ಅನ್ನಿಸಿತು, ಆಸಕ್ತಿಯ ಕೊರತೆ ಊರಿನದ್ದಲ್ಲ. ನಾವು ಸಮಿತಿ ಕಟ್ಟಿದ ರೀತಿಯಲ್ಲೇ ಏನೋ ಎಡವಟ್ಟಾಗಿದೆ.

ಸದಸ್ಯರನ್ನು ನಾವು ಹೇಗೆ ಕರೆತರುತ್ತೇವೆ ಎಂಬುದನ್ನು ನೆನಪಿಸಿಕೊಳ್ಳಿ. ಮಹಾಸಭೆ ಹತ್ತಿರ ಬರುತ್ತದೆ, ಎರಡು ಸ್ಥಾನ ಖಾಲಿ ಇರುತ್ತದೆ. ಒಬ್ಬ ವಕೀಲರಿದ್ದರೆ ಒಳ್ಳೆಯದು, ಒಬ್ಬ ಡಾಕ್ಟರು, ದೇಣಿಗೆ ಕೊಡಬಲ್ಲ ಒಬ್ಬ ಉದ್ಯಮಿ, ಆ ಬೀದಿಯಿಂದ ಒಬ್ಬರು, ಈ ಸಮುದಾಯದಿಂದ ಒಬ್ಬರು ಎಂದು ಲೆಕ್ಕ ಹಾಕುತ್ತೇವೆ. ಆಮೇಲೆ ಅವರ ಮನೆಗೆ ಹೋಗುತ್ತೇವೆ. ‘ನನಗೆ ಪುರುಸೊತ್ತಿಲ್ಲ’ ಎಂದು ಅವರು ಹಿಂಜರಿಯುತ್ತಾರೆ. ಆಗ ನಮ್ಮ ಬಾಯಿಂದ ಬರುವ ಮಾತು ಇಡೀ ಕನ್ನಡ ನಾಡಿಗೆ ಒಂದೇ: ‘ನಿಮಗೇನೂ ಕೆಲಸ ಇರೋದಿಲ್ಲ ಸಾರ್. ಹೆಸರೊಂದು ಇದ್ದರೆ ಸಾಕು. ಎಲ್ಲಾ ನಾವು ನೋಡ್ಕೋತೀವಿ.’

ಅವರು ಆ ಮಾತನ್ನು ನಂಬಿ ಬರುತ್ತಾರೆ. ಕೆಲಸ ಇಲ್ಲವೆಂದು ನಾವೇ ಮಾತು ಕೊಟ್ಟಿದ್ದೇವೆ. ಅವರು ಕೆಲಸ ಮಾಡದಿದ್ದರೆ ಅದು ಮಾತು ಉಳಿಸಿಕೊಂಡಂತೆ. ಆಹ್ವಾನ ಪತ್ರಿಕೆಯಲ್ಲಿ ಹೆಸರು, ವಾರ್ಷಿಕೋತ್ಸವದಲ್ಲಿ ವೇದಿಕೆಯ ಮೇಲೊಂದು ಕುರ್ಚಿ, ಒಂದು ಶಾಲು, ಒಂದು ಹಾರ. ಇಷ್ಟು ನಾವು ಕೊಡುತ್ತೇವೆ, ಇಷ್ಟನ್ನು ಅವರು ಪಡೆಯುತ್ತಾರೆ. ಈ ವ್ಯವಹಾರದಲ್ಲಿ ಮೋಸ ಹೋದವರು ವಿದ್ಯಾರ್ಥಿ ನಿಲಯದ ಮಕ್ಕಳು.

ಕಾನೂನಿನ ಕಣ್ಣಲ್ಲಿ ಮಾತ್ರ ‘ಹೆಸರಿಗೆ ಸದಸ್ಯ’ ಎಂಬ ಜಾತಿ ಇಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಸಂಘವೊಂದು ಹುಟ್ಟಬೇಕಾದರೆ ಕನಿಷ್ಠ 7 ಜನ ಸೇರಬೇಕು. ಪ್ರತಿವರ್ಷ ಮಹಾಸಭೆ ನಡೆಯಬೇಕು, ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರ ನೋಂದಣಾಧಿಕಾರಿಗೆ ಹೋಗಬೇಕು. ದಾರಿ ತಪ್ಪಿದ ಸಂಘಕ್ಕೆ ಸರ್ಕಾರ ಆಡಳಿತಾಧಿಕಾರಿಯನ್ನು ನೇಮಿಸಲು ಅದೇ ಕಾಯ್ದೆಯಲ್ಲಿ ಅವಕಾಶ ಇದೆ. ಒಬ್ಬ ಸಾಕಾಗುತ್ತಿತ್ತು ಎಂದಿದ್ದರೆ ಕಾಯ್ದೆ 7 ಎಂದು ಬರೆಯಬೇಕಿರಲಿಲ್ಲ. ಸಾರ್ವಜನಿಕರ ದುಡ್ಡಿನ ಮೇಲೆ ಏಳು ಜೊತೆ ಕಣ್ಣಿರಲಿ ಎಂಬುದು ಆ ಸಂಖ್ಯೆಯ ಅರ್ಥ ಎಂದು ನಾನು ತಿಳಿದಿದ್ದೇನೆ.

ಈಗ ಇನ್ನೊಂದು ಚಿತ್ರ. ನಮ್ಮ ಸಭೆಗೆ ಎರಡು ವರ್ಷ ಮುಖ ತೋರಿಸದ ಸದಸ್ಯರೊಬ್ಬರು ಊರ ಜಾತ್ರೆಯಲ್ಲಿ ಮೂರು ರಾತ್ರಿ ಕಣ್ಣು ಮುಚ್ಚದೆ ದುಡಿಯುವುದನ್ನು ನೋಡಿದ್ದೇನೆ. ಅನ್ನಸಂತರ್ಪಣೆಯ ಕೊಪ್ಪರಿಗೆಗಳ ಜವಾಬ್ದಾರಿ ಅವರದ್ದು. ಯಾವ ಮನೆಯಿಂದ ಎಷ್ಟು ಕೊಪ್ಪರಿಗೆ ಬಂದಿದೆ, ಯಾವುದರ ಹಿಡಿ ಸಡಿಲವಾಗಿದೆ, ಯಾವುದು ಇನ್ನೂ ವಾಪಸು ಹೋಗಿಲ್ಲ ಎಂಬುದೆಲ್ಲ ಅವರಿಗೆ ಬಾಯಿಪಾಠ. ಚಪ್ಪರದವರು ಚಪ್ಪರ ನೋಡುತ್ತಾರೆ, ಹೂವಿನವರು ಹೂವು, ತೇರಿನ ಹಗ್ಗದವರು ಹಗ್ಗ. ಅಲ್ಲಿ ಯಾರನ್ನೂ ಯಾರೂ ಹುರಿದುಂಬಿಸುವುದಿಲ್ಲ. ತನ್ನ ಪಾಲಿನ ಕೆಲಸ ಕೆಟ್ಟರೆ ಜಾತ್ರೆಯೇ ಕೆಡುತ್ತದೆ ಎಂಬುದು ಪ್ರತಿಯೊಬ್ಬರಿಗೂ ಗೊತ್ತು. ಅದೇ ಮನುಷ್ಯ ನಮ್ಮ ಸಭೆಯಲ್ಲಿ ಬರೀ ಒಂದು ಹೆಸರು. ಅವರು ಬಂದರೂ ಸಭೆ ನಡೆಯುತ್ತದೆ, ಬಾರದಿದ್ದರೂ ನಡೆಯುತ್ತದೆ. ಹಾಗಿರುವಾಗ ತೋಟದ ಕೆಲಸ ಬಿಟ್ಟು ಯಾಕೆ ಬರಬೇಕು?

ನನ್ನ ತಂದೆ ವಾರಾನ್ನದಲ್ಲಿ ಓದಿದವರು. ಊರಲ್ಲಿ ಶಾಲೆ ಇಲ್ಲದ, ಪೇಟೆಯಲ್ಲಿ ನೆಂಟರಿಲ್ಲದ ಬಡ ಹುಡುಗರು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಉಂಡು ಓದುತ್ತಿದ್ದ ಕಾಲ ಅದು. ಗುರುವಾರದ ಮನೆಯ ಅಜ್ಜಿಯನ್ನು ಅವರು ಸಾಯುವವರೆಗೂ ನೆನೆಯುತ್ತಿದ್ದರು. ಆ ವ್ಯವಸ್ಥೆಗೆ ಜಾತಿಯ ಗೋಡೆ ಇತ್ತು, ಎಲ್ಲ ಮಕ್ಕಳಿಗೂ ಎಲ್ಲ ಬಾಗಿಲೂ ತೆರೆದಿರಲಿಲ್ಲ. ಅದನ್ನು ಮರೆತು ಹೊಗಳಲಾರೆ. ಗೋಡೆಯ ಆಚೆ ನಿಂತ ಮಕ್ಕಳಿಗಾಗಿಯೇ ಎಷ್ಟೋ ವಿದ್ಯಾರ್ಥಿ ನಿಲಯಗಳು ಹುಟ್ಟಿದವು. ಆದರೆ ಅದರೊಳಗಿನ ಒಂದು ಸಂಗತಿ ನನಗೆ ಕಾರ್ಯದರ್ಶಿಯಾಗಿ ಕಣ್ಣು ತೆರೆಸಿತು. ವಾರಾನ್ನ ಕೊಡುವ ಏಳು ಮನೆಗಳೂ ಸಭೆ ಸೇರುತ್ತಿರಲಿಲ್ಲ, ಠರಾವು ಮಾಡುತ್ತಿರಲಿಲ್ಲ. ಪ್ರತಿ ಮನೆಗೂ ಒಂದು ವಾರ ಇತ್ತು, ಒಬ್ಬ ಹುಡುಗನಿದ್ದ, ಹುಡುಗನಿಗೊಂದು ಹೆಸರಿತ್ತು. ಆ ದಿನ ಅವನು ಬಾರದಿದ್ದರೆ ಯಾಕೆ ಬರಲಿಲ್ಲವೆಂದು ಆ ಮನೆಯವರು ವಿಚಾರಿಸುತ್ತಿದ್ದರು.

ನಮ್ಮ 13 ಜನ ಸದಸ್ಯರಿಗೆ ವಾರವೂ ಇರಲಿಲ್ಲ, ಮಗುವೂ ಇರಲಿಲ್ಲ.

ಅದನ್ನು ಕೊಡಲು ಹೊರಟೆವು. ಮೊದಲ ಪ್ರಯತ್ನ ವಿಫಲವಾಯಿತು, ಅದನ್ನೂ ಹೇಳಬೇಕು. ಐದು ಉಪಸಮಿತಿಗಳನ್ನು ಮಾಡಿ, ಒಂದೊಂದಕ್ಕೆ ಸಂಚಾಲಕರನ್ನು ನೇಮಿಸಿ, ಪಟ್ಟಿಯನ್ನು ಟೈಪು ಮಾಡಿಸಿ ಗೋಡೆಗೆ ಅಂಟಿಸಿದೆವು. ಆರು ತಿಂಗಳಲ್ಲಿ ಒಂದು ಉಪಸಮಿತಿಯೂ ಸೇರಲಿಲ್ಲ. ಒಂದು ಸತ್ತ ಸಮಿತಿಯನ್ನು ಐದು ತುಂಡು ಮಾಡಿದ್ದೆವು, ಅಷ್ಟೆ.

ಎರಡನೆಯ ಸಲ ಹಾಗೆ ಮಾಡಲಿಲ್ಲ. ಆ ಅಡಿಕೆ ವ್ಯಾಪಾರಿಯ ಬಳಿ ಹೋಗಿ ಒಂದೇ ಕೆಲಸ ಕೇಳಿದೆ: ‘ರಾಯರೇ, ಮುಂದಿನ ತಿಂಗಳ ಅಕ್ಕಿ, ಬೇಳೆ, ಎಣ್ಣೆ ಖರೀದಿಗೆ ನೀವು ಒಂದು ಸಲ ಬನ್ನಿ. ನಮಗೆ ಧಾರಣೆ ಗೊತ್ತಾಗೋದಿಲ್ಲ.’ ನಾಲ್ಕು ವರ್ಷ ಸಮಿತಿಯಲ್ಲಿದ್ದೂ ತುಟಿ ಬಿಚ್ಚದ ಮನುಷ್ಯ ಅಂಗಡಿಯಲ್ಲಿ ಅಕ್ಕಿಯನ್ನು ಅಂಗೈಯಲ್ಲಿ ಹಾಕಿಕೊಂಡು ಉಜ್ಜಿ ನೋಡಿದರು, ಹಳೆಯ ಬಿಲ್ಲು ಕೇಳಿದರು, ಮೂಟೆಗಳನ್ನು ಮತ್ತೆ ತೂಗಿಸಿದರು. ಆಮೇಲೆ ನಿಲಯದ ಉಗ್ರಾಣಕ್ಕೆ ಬಂದು, ಮೂಟೆಗಳನ್ನು ನೆಲದ ಮೇಲೆ ಇಟ್ಟದ್ದನ್ನು ಕಂಡು ಬೈದರು. ಮಾರನೆಯ ದಿನ ಅವರ ಮಂಡಿಯಿಂದ ಮರದ ಹಲಗೆಗಳು ಬಂದವು. ಮೂರನೆಯ ತಿಂಗಳು ಅವರೇ ಫೋನು ಮಾಡಿದರು: ‘ಈ ಸಲ ಯಾಕೆ ಇನ್ನೂ ಕರೆದಿಲ್ಲ?’

ಬ್ಯಾಂಕಿನಿಂದ ನಿವೃತ್ತರಾದವರೊಬ್ಬರಿಗೆ ಪ್ರತಿ ತಿಂಗಳ ವೋಚರುಗಳು. ಡಾಕ್ಟರಿಗೆ ವರ್ಷದಲ್ಲಿ ನಾಲ್ಕು ಭಾನುವಾರ ಮಕ್ಕಳ ತೂಕ, ಕಣ್ಣು, ಹಲ್ಲು. ವಕೀಲರಿಗೆ ನಿಲಯದ ಜಾಗದ ಹಳೆಯ ಪತ್ರಗಳು. ಆ ಪತ್ರಗಳನ್ನು ಬಿಚ್ಚಿದಾಗ, ದಾನಿಗಳು ಕೊಟ್ಟ ಹಿಂದಿನ 6 ಗುಂಟೆಯ ಖಾತೆ ಸಂಘದ ಹೆಸರಿಗೆ ಬದಲಾಗಿಯೇ ಇಲ್ಲವೆಂದು ತಿಳಿಯಿತು. ಅದು ಸರಿಯಾಗಲು ಎರಡು ವರ್ಷ ಹಿಡಿಯಿತು, ವಕೀಲರು ಒಂದು ಕಾಸೂ ತೆಗೆದುಕೊಳ್ಳಲಿಲ್ಲ. ಸೊಳ್ಳೆ ಜಾಲರಿ ಕೇಳಿದ ಆ ಅಮ್ಮನನ್ನು ಮುಂದಿನ ಮಹಾಸಭೆಯಲ್ಲಿ ಸಮಿತಿಗೆ ಆರಿಸಿದೆವು. ಅವರು ಮೊದಲ ಸಭೆಯಲ್ಲೇ ಕೇಳಿದ್ದು ಹೆಣ್ಣುಮಕ್ಕಳ ಸ್ನಾನದ ಮನೆಯ ಚಿಲಕದ ವಿಷಯ. ಅದುವರೆಗಿನ ಯಾವ ನಡಾವಳಿಯಲ್ಲೂ ‘ಚಿಲಕ’ ಎಂಬ ಶಬ್ದ ಇರಲಿಲ್ಲ.

ಇದರ ಜೊತೆ ಸಭೆಯನ್ನೂ ಬದಲಿಸಬೇಕಾಯಿತು. ಮೊದಲು ಪೇಟೆಯ ಹೋಟೆಲಿನ ಮಹಡಿಯ ಮೇಲೆ ಸೇರುತ್ತಿದ್ದೆವು. ಈಗ ನಿಲಯದ ಊಟದ ಹಾಲಿನಲ್ಲಿ, ಮಕ್ಕಳ ಊಟದ ಹೊತ್ತಿಗೆ. ಸದಸ್ಯರು ಮಕ್ಕಳ ಪಂಕ್ತಿಯಲ್ಲೇ ಕೂತು ಉಣ್ಣುತ್ತಾರೆ, ಆಮೇಲೆ ಸಭೆ. ಸಾರು ನೀರಾಗಿದ್ದರೆ ವರದಿ ಓದಿ ತಿಳಿಯಬೇಕಾಗಿಲ್ಲ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಸಭೆ ಕರೆಯುವುದನ್ನೇ ಬಿಟ್ಟೆವು. ಕೊನೆಗಾರರು ಮರ ಹತ್ತಿರುವ ದಿನ ತೋಟದ ಯಜಮಾನ ಸಭೆಗೆ ಬರಲಿಲ್ಲವೆಂದು ಮುನಿಸಿಕೊಳ್ಳುವುದರಲ್ಲಿ ನ್ಯಾಯವಿಲ್ಲ.

ಲೆಕ್ಕದ್ದು ದೊಡ್ಡ ಮಾತು. ಆಡಿಟರು ಕೊಡುವ ಇಂಗ್ಲಿಷ್ ಜಮಾ–ಖರ್ಚು ಪಟ್ಟಿಯನ್ನು ಸಭೆಯಲ್ಲಿ ಓದಿ ‘ಅಂಗೀಕಾರ’ ಎನ್ನಿಸಿಕೊಳ್ಳುವುದು ನಮ್ಮ ರೂಢಿಯಾಗಿತ್ತು. 13 ಜನರಲ್ಲಿ 10 ಜನರಿಗೆ ಅದು ಅರ್ಥವಾಗುತ್ತಿರಲಿಲ್ಲ. ಅರ್ಥವಾಗಿಲ್ಲವೆಂದು ಎಲ್ಲರೆದುರು ಹೇಳಲು ಸಂಕೋಚ. ಗೊತ್ತಿಲ್ಲದ್ದರ ಮೇಲೆ ಮನುಷ್ಯನಿಗೆ ಕಾಳಜಿ ಹುಟ್ಟುವುದಿಲ್ಲ. ಈಗ ನಮ್ಮ ಖಜಾಂಚಿ ಒಂದೇ ಹಾಳೆಯಲ್ಲಿ, ಕನ್ನಡದಲ್ಲಿ ಬರೆದುಕೊಡುತ್ತಾರೆ: ಕೈಯಲ್ಲಿ ಎಷ್ಟಿದೆ, ಒಂದು ಮಗುವಿಗೆ ತಿಂಗಳಿಗೆ ಎಷ್ಟು ತಗಲುತ್ತದೆ, ಈ ದುಡ್ಡಿನಲ್ಲಿ ಎಷ್ಟು ತಿಂಗಳು ನಡೆಸಬಹುದು, ಯಾರಿಗೆ ಬಾಕಿ ಇದೆ. ಹಾಳೆ ಸಭೆಗೆ ಒಂದು ವಾರ ಮೊದಲೇ ಮನೆ ತಲುಪುತ್ತದೆ. ಅದನ್ನು ಮೊದಲ ಸಲ ಕೊಟ್ಟ ದಿನ, ಕೈಯಲ್ಲಿ ಮೂರೇ ತಿಂಗಳ ಅಕ್ಕಿಯ ದುಡ್ಡಿದೆ ಎಂಬುದು ತಿಳಿದು ಸಭೆ ಎರಡೂವರೆ ಗಂಟೆ ನಡೆಯಿತು. ಯಾರೂ ಮಧ್ಯದಲ್ಲಿ ಏಳಲಿಲ್ಲ.

ಸಂಘದ ಕೆಲಸಕ್ಕೆ ಹೆಚ್ಚು ಕೇಳಿದರೆ ಜನ ಓಡಿಹೋಗುತ್ತಾರೆ ಎಂಬುದು ನಮ್ಮ ಭಯ. ನಮ್ಮ ನೆಲದ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. 1884ರಲ್ಲಿ ಪುಣೆಯಲ್ಲಿ ಹುಟ್ಟಿದ ಡೆಕ್ಕನ್ ಎಜುಕೇಶನ್ ಸೊಸೈಟಿ ತನ್ನ ಆಜೀವ ಸದಸ್ಯರಿಂದ ಕೇಳಿದ್ದು 20 ವರ್ಷದ ದುಡಿಮೆ, ತಿಂಗಳಿಗೆ 75 ರೂಪಾಯಿ ಸಂಬಳಕ್ಕೆ. ಗೋಪಾಲಕೃಷ್ಣ ಗೋಖಲೆ ಆ ಷರತ್ತಿಗೆ ಒಪ್ಪಿ ಸೇರಿದರು. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದವರು ಏಳು ಜನ, ಹೆಚ್ಚಿನವರು ತರುಣ ಶಿಕ್ಷಕರು. ಜನ ಅವರನ್ನು ಸಪ್ತರ್ಷಿಗಳು ಎಂದೇ ಕರೆದರು. ಶಿ.ಶಿ. ಬಸವನಾಳ, ಎಂ.ಆರ್. ಸಾಖರೆಯಂಥ ವಿದ್ವಾಂಸರು ಅವರಲ್ಲಿದ್ದರು. ಹಣ ಕೊಟ್ಟ ದಾನಿಗಳು ಬೇರೆ ಇದ್ದರು, ಅರಟಾಳ ರುದ್ರಗೌಡರಂಥ ದೊಡ್ಡವರು. ಈ ಏಳು ಮಂದಿ ಕೊಟ್ಟದ್ದು ತಮ್ಮ ದಿನಗಳನ್ನು. ಒಂದು ಶಾಲೆಯಿಂದ ಹೊರಟ ಸಂಸ್ಥೆ ಇಂದು ಆಸ್ಪತ್ರೆ, ವಿಶ್ವವಿದ್ಯಾಲಯಗಳವರೆಗೆ ಬೆಳೆದಿದೆ. ನಮ್ಮ ನಿಲಯಕ್ಕೆ ಯಾರೂ 20 ವರ್ಷ ಬರೆದುಕೊಡಬೇಕಾಗಿಲ್ಲ. ತಿಂಗಳಿಗೆ ಒಂದು ಅರ್ಧ ದಿನ ಸಾಕು. ಆದರೆ ಆ ಅರ್ಧ ದಿನವನ್ನು ಬಾಯಿಬಿಟ್ಟು ಕೇಳಬೇಕು.

ಆ ಪುಣೆಯ ಸಂಸ್ಥೆಯಲ್ಲೂ ಜಗಳವಾಯಿತು. ಆಜೀವ ಸದಸ್ಯರು ಹೊರಗಿನ ಗಳಿಕೆ ಮಾಡಬಹುದೇ ಎಂಬಂಥ ಪ್ರಶ್ನೆಗಳ ಮೇಲೆ ಭಿನ್ನಾಭಿಪ್ರಾಯ ಬೆಳೆದು, 1890ರಲ್ಲಿ ಬಾಲಗಂಗಾಧರ ತಿಲಕರು ರಾಜೀನಾಮೆ ಕೊಟ್ಟು ಹೊರನಡೆದರು. ಸಂಸ್ಥೆಗೆ ಅದು ದೊಡ್ಡ ನಷ್ಟ. ಆದರೂ ಆ ಜಗಳದಲ್ಲಿ ಎರಡೂ ಕಡೆಯವರಿಗೆ ಸಂಸ್ಥೆ ಬೇಕಾಗಿತ್ತು. ನಮ್ಮ ಸಮಿತಿಗಳಲ್ಲಿ ಯಾರಾದರೂ ‘ಈ ಖರ್ಚು ಯಾಕೆ?’ ಎಂದರೆ ಅಧ್ಯಕ್ಷರಿಗೆ ಅವಮಾನ ಮಾಡಿದಂತೆ ನೋಡುತ್ತೇವೆ. ಮುಂದಿನ ಅವಧಿಗೆ ಅವರ ಹೆಸರು ಸದ್ದಿಲ್ಲದೆ ಪಟ್ಟಿಯಿಂದ ಬಿದ್ದುಹೋಗುತ್ತದೆ. ಉಳಿದವರು ಪಾಠ ಕಲಿಯುತ್ತಾರೆ. ಹತ್ತು ವರ್ಷ ಹೀಗೆ ನಡೆದ ಸಂಸ್ಥೆಯಲ್ಲಿ ‘ಸರ್ವಾನುಮತ’ ಎಂಬ ಮಾತಿಗೆ ಬೆಲೆ ಇರುವುದಿಲ್ಲ. ಬ್ಯಾಂಕಿನ ನಮ್ಮ ನಿವೃತ್ತ ಸದಸ್ಯರು ಒಮ್ಮೆ ನಾನೇ ಮಾಡಿದ ಒಂದು ಖರ್ಚಿಗೆ ರಸೀದಿ ಇಲ್ಲವೆಂದು ಸಭೆಯಲ್ಲೇ ತೆಗೆದರು. ಮುಖ ಕೆಂಪಾಯಿತು. ಆ ಹಣವನ್ನು ಕೈಯಿಂದ ಕಟ್ಟಿದೆ. ಅವತ್ತಿನಿಂದ ಇತರರಿಗೂ ಕೇಳುವ ಧೈರ್ಯ ಬಂತು ಎಂಬುದನ್ನು ನಾನು ಕಣ್ಣಾರೆ ಕಂಡೆ.

ಅತಿ ಕಷ್ಟದ ಮಾತು ಸ್ಥಾಪಕರದ್ದು. ಎಷ್ಟೋ ಒಳ್ಳೆಯ ಸಂಸ್ಥೆಗಳು ಒಬ್ಬ ಮನುಷ್ಯನ ಬೆವರಿನಿಂದ ಹುಟ್ಟಿವೆ. ಅವರು ಮನೆ ಮರೆತು, ಸಾಲ ಮಾಡಿ ಕಟ್ಟಿರುತ್ತಾರೆ. ಸಮಿತಿಯವರಿಗೆ ಅವರೆದುರು ಮಾತಾಡಲು ನಾಲಿಗೆ ಏಳುವುದಿಲ್ಲ, ಅದು ಗೌರವವೇ. ಆದರೆ ಅವರೇ ಎಲ್ಲವನ್ನೂ ಮಾಡುತ್ತಿರುವವರೆಗೆ ಬೇರೆಯವರಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಚೆಕ್ಕಿಗೆ ಸಹಿ ಅವರದ್ದು, ನೇಮಕ ಅವರದ್ದು, ದಾನಿಗಳ ಫೋನ್ ನಂಬರು ಅವರ ಡೈರಿಯಲ್ಲಿ. ಅವರು ಹಾಸಿಗೆ ಹಿಡಿದ ದಿನ ಸಂಸ್ಥೆಯೂ ಹಾಸಿಗೆ ಹಿಡಿಯುತ್ತದೆ. ಇದನ್ನು ನಮ್ಮ ಪಕ್ಕದ ತಾಲ್ಲೂಕಿನಲ್ಲೇ ನೋಡಿದ್ದೇನೆ. ಸ್ಥಾಪಕರು ಬದುಕಿರುವಾಗಲೇ, ಅವರ ಕೈಯಿಂದಲೇ, ಒಂದೊಂದು ಕೆಲಸ ಒಬ್ಬೊಬ್ಬರಿಗೆ ದಾಟಬೇಕು. ಆ ಮಾತನ್ನು ಪ್ರೀತಿಯಿಂದ ಅವರಿಗೆ ಹೇಳಬಲ್ಲವರು ಪ್ರತಿ ಸಮಿತಿಯಲ್ಲೂ ಒಬ್ಬರಾದರೂ ಇರಬೇಕು. ಅವಧಿ ಮುಗಿದ ಹಿರಿಯರನ್ನು ಸಲಹಾ ಸಮಿತಿಗೆ ಗೌರವದಿಂದ ಕಳಿಸಿ, ಅವರ ಜಾಗಕ್ಕೆ ನಿಲಯದಲ್ಲೇ ಓದಿ ಹೋದ ಹುಡುಗ ಹುಡುಗಿಯರನ್ನು ತಂದುಕೊಳ್ಳಬೇಕು. ನಮ್ಮಲ್ಲಿ ಈಗ ಅಂಥವರು ಮೂವರಿದ್ದಾರೆ. ಉಗ್ರಾಣದ ಬೀಗದ ಕೈ ಎಲ್ಲಿರುತ್ತದೆ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ದುಡ್ಡಿನ ಮಾತಿಗೆ ಬಂದರೆ ಸಮಿತಿಯ ಮುಖ ಇಳಿಯುತ್ತದೆ. ರಸೀದಿ ಪುಸ್ತಕ ಹಿಡಿದು ಹೋಗಲು ಎಲ್ಲರಿಗೂ ಮುಜುಗರ. ಈ ಮುಜುಗರಕ್ಕೆ ನನಗೆ ಗೊತ್ತಿರುವ ಮದ್ದು ಒಂದೇ: ಮೊದಲ ರಸೀದಿಯನ್ನು ತಮ್ಮ ಹೆಸರಿಗೇ ಹರಿಯುವುದು. ಡಿ.ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನ ಬಸವನಗುಡಿಯಲ್ಲಿ ಗೋಖಲೆಯವರ ಹೆಸರಿನಲ್ಲೇ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. 1970ರಲ್ಲಿ ರವೀಂದ್ರ ಕಲಾಕ್ಷೇತ್ರದಲ್ಲಿ ಸನ್ಮಾನ ಮಾಡಿ ನಾಡು ತಮಗೆ ಅರ್ಪಿಸಿದ ನಿಧಿಯನ್ನು ಪೂರ್ತಿಯಾಗಿ ಆ ಸಂಸ್ಥೆಗೇ ಕೊಟ್ಟುಬಿಟ್ಟರು. ಅವರು ಶ್ರೀಮಂತರಾಗಿರಲಿಲ್ಲ. ಅಂಥವರು ಕೇಳಿದರೆ ಇಲ್ಲವೆನ್ನುವ ಬಾಯಿ ಯಾವುದು? ನಮ್ಮ ಸಮಿತಿಯಲ್ಲಿ ಒಬ್ಬರು ವರ್ಷಕ್ಕೆ 500 ರೂಪಾಯಿ ಕೊಡುತ್ತಾರೆ, ಒಬ್ಬರು 50,000. ಮೊತ್ತವನ್ನು ಸಭೆಯಲ್ಲಿ ಓದುವುದಿಲ್ಲ. 13 ಜನರೂ ಕೊಟ್ಟಿದ್ದಾರೆ ಎಂದಷ್ಟೇ ಓದುತ್ತೇವೆ.

ಸಮಿತಿ ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ಹೊರಗಿನ ದಾನಿಗಳೂ ಈಗ ನೋಡುತ್ತಾರೆ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಆ ಹಣ ಕೇಳಲು ಹೋದಾಗ ಸಭೆಗಳ ನಡಾವಳಿ, ಹಾಜರಿ, ಲೆಕ್ಕ ಎಲ್ಲವನ್ನೂ ತೋರಿಸಬೇಕಾಗುತ್ತದೆ. ಆದಾಯ ತೆರಿಗೆ ವಿನಾಯಿತಿಯ ನೋಂದಣಿಗಳಿಗೂ 2020ರ ತಿದ್ದುಪಡಿಯ ನಂತರ ಅವಧಿ ಬಂದಿದೆ, ಕಾಲಕಾಲಕ್ಕೆ ನವೀಕರಿಸಬೇಕು. ಇದನ್ನೆಲ್ಲ ಒಬ್ಬ ಕಾರ್ಯದರ್ಶಿ ರಾತ್ರಿ ಕೂತು ಮಾಡುವ ಕಾಲ ಮುಗಿದಿದೆ.

ನಾನು ಕಾರ್ಯದರ್ಶಿ ಸ್ಥಾನ ಬಿಟ್ಟು ಈಗ ಎರಡು ವರ್ಷ. ಆ ಜಾಗದಲ್ಲಿರುವವಳು ನಮ್ಮ ನಿಲಯದಲ್ಲೇ ಇದ್ದು ಪಿಯುಸಿ ಓದಿದ ಹುಡುಗಿ, ಈಗ ಹೈಸ್ಕೂಲು ಟೀಚರು. ನಡಾವಳಿ ಪುಸ್ತಕ ನಿಲಯದ ಕಪಾಟು ಬಿಟ್ಟು ಹೊರಗೆ ಹೋಗುವುದಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಊರೂರಲ್ಲಿ ಮಹಾಸಭೆಗಳು ಸೇರುತ್ತವೆ. ಖಾಲಿ ಸ್ಥಾನ ತುಂಬಲು ಯಾರೋ ನಿಮ್ಮ ಮನೆಗೂ ಬರಬಹುದು. ಒಪ್ಪಿಕೊಳ್ಳುವ ಮೊದಲು ಹಿಂದಿನ 3 ವರ್ಷದ ಲೆಕ್ಕಪತ್ರ ಕೇಳಿ. ಬೈಲಾದ ಒಂದು ಪ್ರತಿ ಕೇಳಿ. ‘ನಿಮಗೇನೂ ಕೆಲಸ ಇರೋದಿಲ್ಲ ಸಾರ್’ ಎಂದು ಅವರೇನಾದರೂ ಅಂದರೆ, ‘ಹಾಗಾದರೆ ನನ್ನ ವಾರ ಯಾವುದು ಹೇಳಿ, ಬರುತ್ತೇನೆ’ ಎನ್ನಿ.